ಯೂನಿಟ್, ಇಂಟಿಗ್ರೇಷನ್, ಸಿಸ್ಟಮ್, ಅಕ್ಸೆಪ್ಟೆನ್ಸ್: ಇರುವ ಸಮಯವನ್ನು ಯಾವ ಟೆಸ್ಟಿಗೆ ಕೊಡಬೇಕು?

ಮೂರೋ ನಾಲ್ಕೋ ಜನರ ಸಣ್ಣ ತಂಡ. ರಿಲೀಸ್‌ಗೆ ಎರಡು ವಾರ ಬಾಕಿ. ಟೆಸ್ಟ್‌ಗಳು ಹೇಳಿಕೊಳ್ಳುವಷ್ಟೇನೂ ಇಲ್ಲ. ಎಲ್ಲಿಂದ ಶುರು ಮಾಡಬೇಕು? ಇಂಟರ್‌ವ್ಯೂನಲ್ಲಿ ಕೇಳಿದರೆ ಟೆಸ್ಟಿಂಗಿನ ನಾಲ್ಕು ಹಂತಗಳ ಹೆಸರನ್ನು ಎಲ್ಲರೂ ಪಟಪಟ ಅಂತ ಹೇಳುತ್ತಾರೆ. ಆದರೆ ಕೈಯಲ್ಲಿರುವ ಎರಡು ವಾರವನ್ನು ಯಾವುದಕ್ಕೆ ಎಷ್ಟು ಹಂಚಬೇಕು ಅಂದರೆ ತಡವರಿಸುತ್ತಾರೆ. ಈ ಬರಹ ಆ ಹಂಚಿಕೆಯ ಬಗ್ಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ಹಂತ ಶ್ರೇಷ್ಠ ಅನ್ನುವ ಜಗಳ ಬೇಡ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಆಗಬಹುದಾದ ತಪ್ಪುಗಳನ್ನು ಒಂದೊಂದಾಗಿ ಹಿಡಿದು ಕೇಳಿ: ಇದನ್ನು ಹಿಡಿಯಬಲ್ಲ ಅತಿ ಅಗ್ಗದ ಟೆಸ್ಟ್ ಯಾವುದು? ಉತ್ತರಗಳು ಎಲ್ಲಿ ಗುಂಪಾಗುತ್ತವೋ ಅಲ್ಲಿಗೆ ಸಮಯ ಕೊಡಿ. ಬಹಳ ತಂಡಗಳಲ್ಲಿ ಆ ಗುಂಪು ಬೀಳುವುದು ಇಂಟಿಗ್ರೇಷನ್ ಹಂತದಲ್ಲಿ. ಸಮಯ ಮಾತ್ರ ಅಲ್ಲಿಗೇ ಕಡಿಮೆ ಹೋಗುತ್ತದೆ.

ಗಾಳಿಯಲ್ಲಿ ಮಾತಾಡುವುದು ಬೇಡ. ಒಂದು ಉದಾಹರಣೆ ಇಟ್ಟುಕೊಳ್ಳೋಣ: ಹಳ್ಳಿಯ ಹಾಲಿನ ಡೇರಿಗೆ ಬರೆದ ಸಾಫ್ಟ್‌ವೇರ್. ಬೆಳಿಗ್ಗೆ, ಸಂಜೆ ಜನ ಕ್ಯಾನ್ ತಂದು ಹಾಲು ಹಾಕುತ್ತಾರೆ. ತೂಕದ ಮಷೀನ್ ಲೀಟರ್ ಎಷ್ಟು ಅಂತ ಹೇಳುತ್ತದೆ. ಹಾಲು ಪರೀಕ್ಷೆಯ ಮಷೀನ್ ಫ್ಯಾಟ್, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಉಳಿದ ಘನಾಂಶ) ಎಷ್ಟು ಅಂತ ಹೇಳುತ್ತದೆ. ದರಪಟ್ಟಿ ನೋಡಿ ರೇಟು ಹಾಕಬೇಕು, ಚೀಟಿ ಪ್ರಿಂಟ್ ಆಗಬೇಕು, ಡೇಟಾಬೇಸ್‌ನಲ್ಲಿ ಎಂಟ್ರಿ ಬೀಳಬೇಕು, ರೈತರ ಮೊಬೈಲಿಗೆ ಎಸ್‌ಎಂಎಸ್ ಹೋಗಬೇಕು. ಅವಧಿ ಮುಗಿದಾಗ ಬಟವಾಡೆಯ ಲೆಕ್ಕ ಬರಬೇಕು. ನೋಡಲು ಚಿಕ್ಕದು, ಆದರೆ ನಾಲ್ಕೂ ಹಂತಗಳಿಗೆ ಇದರಲ್ಲಿ ಕೆಲಸ ಇದೆ.

ಯೂನಿಟ್ ಟೆಸ್ಟ್: ಲೆಕ್ಕ ಇರುವ ಕಡೆ ಸಾಟಿ ಇಲ್ಲ

ಒಂದು ಫಂಕ್ಷನ್ ಅಥವಾ ಒಂದು ಕ್ಲಾಸನ್ನು ಉಳಿದೆಲ್ಲದರಿಂದ ಬಿಡಿಸಿ ನೋಡುವುದು ಯೂನಿಟ್ ಟೆಸ್ಟ್. ಡೇಟಾಬೇಸ್ ಇಲ್ಲ, ನೆಟ್‌ವರ್ಕ್ ಇಲ್ಲ, ಮಷೀನ್ ಇಲ್ಲ. ಕೋಡ್ ಬರೆದ ಡೆವಲಪರೇ ಇದನ್ನೂ ಬರೆಯುತ್ತಾರೆ. ಒಂದೊಂದು ಟೆಸ್ಟ್ ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಫೇಲ್ ಆದರೆ ತಪ್ಪು ಯಾವ ಫಂಕ್ಷನ್‌ನಲ್ಲಿದೆ ಅಂತ ಹುಡುಕಬೇಕಾಗಿಲ್ಲ, ಟೆಸ್ಟಿನ ಹೆಸರೇ ಹೇಳುತ್ತದೆ.

ಡೇರಿಯಲ್ಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ ದರದ ಲೆಕ್ಕ. ಫ್ಯಾಟನ್ನು ದಶಮಾಂಶದಲ್ಲಿ ಇಡುವುದು ಬೇಡ, ನೂರರಿಂದ ಗುಣಿಸಿ ಪೂರ್ಣಸಂಖ್ಯೆ ಮಾಡಿ ಇಡೋಣ ಅಂತ ಯಾರೋ ನಿರ್ಧರಿಸಿದರು ಅನ್ನಿ. ಒಳ್ಳೆಯ ಯೋಚನೆಯೇ. ಈಗ ಜಾವಾಸ್ಕ್ರಿಪ್ಟ್‌ನಲ್ಲೋ ಪೈಥಾನ್‌ನಲ್ಲೋ 4.35 ಅನ್ನು 100ರಿಂದ ಗುಣಿಸಿ ನೋಡಿ. 435 ಬರುವುದಿಲ್ಲ, 434.99999999999994 ಬರುತ್ತದೆ. ಕಂಪ್ಯೂಟರ್ ದಶಮಾಂಶಗಳನ್ನು ಬೈನರಿಯಲ್ಲಿ ಇಡುವುದರಿಂದ 4.35 ಅದಕ್ಕೆ ಸರಿಯಾಗಿ ಕೂರುವುದಿಲ್ಲ. ರೌಂಡ್ ಮಾಡದೆ ಸುಮ್ನೆ ದಶಮಾಂಶ ಕತ್ತರಿಸಿದರೆ 434 ಆಯಿತು. ದರಪಟ್ಟಿಯಲ್ಲಿ ರೈತ ಒಂದು ಮೆಟ್ಟಿಲು ಕೆಳಗೆ ಇಳಿದ. ಲೀಟರಿಗೆ ಹೋಗುವುದು ಪೈಸೆಗಳೇ ಇರಬಹುದು. ಆದರೆ ದಿನಕ್ಕೆ ಎರಡು ಸಲ, ಊರಿನ ಎಷ್ಟೋ ಮನೆಗಳಿಗೆ, ವರ್ಷವಿಡೀ.

ಈ ತಪ್ಪನ್ನು ಸ್ಕ್ರೀನ್ ಮುಂದೆ ಕೂತು ಕ್ಲಿಕ್ ಮಾಡುತ್ತಾ ಹಿಡಿಯುವುದು ಕಷ್ಟ. 4.30 ಹಾಕಿ ನೋಡಿದರೆ ಸರಿ ಬರುತ್ತದೆ, 4.40 ಕೂಡ ಸರಿಯೇ. ಯೂನಿಟ್ ಟೆಸ್ಟಿನಲ್ಲಾದರೆ 3.00ರಿಂದ 6.00ರವರೆಗೆ ಪ್ರತಿ 0.01ಕ್ಕೂ ಒಂದು ಲೂಪ್ ಓಡಿಸಬಹುದು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಇದರ ಜೊತೆಗೆ ಗಡಿಯ ಸಂಖ್ಯೆಗಳು ಇರಲೇಬೇಕು. 3.5ಕ್ಕೆ ರೇಟು ಬದಲಾಗುವುದಾದರೆ 3.4, 3.5, 3.6 ಮೂರೂ ಬೇಕು. ಸೊನ್ನೆ ಬಂದರೆ? ಮೈನಸ್ ಬಂದರೆ? ಏನೂ ಬರದಿದ್ದರೆ?

ಕನ್ನಡದಲ್ಲಿ ಹೆಸರು ಹುಡುಕುವ ಫಂಕ್ಷನ್ ಇದ್ದರೆ ಅದೂ ಇದೇ ಹಂತದ್ದು. ‘ಗೋಪಾಲ’ ಅಂತ ಬರೆಯಿರಿ. ಆ ‘ಗೋ’ದಲ್ಲಿರುವ ದೀರ್ಘ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಬಿಡಿಸಿ ಎರಡು ಮೂರು ಚಿಹ್ನೆಗಳಾಗಿಯೂ ಇಡಬಹುದು. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ. ಒಬ್ಬರು ಒಂದು ಥರ ಎಂಟ್ರಿ ಮಾಡಿ, ಇನ್ನೊಬ್ಬರು ಇನ್ನೊಂದು ಥರ ಹುಡುಕಿದರೆ ಗೋಪಾಲ ಸಿಗುವುದೇ ಇಲ್ಲ. ಸೇವ್ ಮಾಡುವಾಗ, ಹುಡುಕುವಾಗ ಎರಡೂ ಸಲ ಒಂದೇ ರೂಪಕ್ಕೆ, ಅಂದರೆ ಯೂನಿಕೋಡ್‌ನಲ್ಲಿ ಎನ್‌ಎಫ್‌ಸಿ ಅನ್ನುವ ಜೋಡಿಸಿದ ರೂಪಕ್ಕೆ ತರಬೇಕು. ಪರೀಕ್ಷೆಗೆ ನಾಲ್ಕು ಸಾಲಿನ ಟೆಸ್ಟ್ ಸಾಕು.

ಯೂನಿಟ್ ಟೆಸ್ಟ್ ಎಲ್ಲಿ ದಂಡ? ಒಳಗೆ ಯೋಚನೆಯೇ ಇಲ್ಲದ ಕೋಡಿಗೆ. ಕವರೇಜ್ (ಟೆಸ್ಟ್‌ಗಳು ಓಡಿಸಿ ನೋಡಿದ ಕೋಡಿನ ಪಾಲು) 90 ಪರ್ಸೆಂಟ್ ಮುಟ್ಟಲೇಬೇಕು ಅಂತ ಮೇಲಿನಿಂದ ಆರ್ಡರ್ ಬಂದ ಕೂಡಲೇ, ಒಂದು ಬೆಲೆಯನ್ನು ಓದಿ ಕೊಡುವ, ಇಡುವ ಕೆಲಸವಷ್ಟೇ ಮಾಡುವ ಗೆಟರ್, ಸೆಟರ್‌ಗಳಿಗೆಲ್ಲ ಟೆಸ್ಟ್ ಹುಟ್ಟಿಕೊಳ್ಳುತ್ತವೆ. ನಂಬರ್ ಏರುತ್ತದೆ, ಬಗ್ ಇದ್ದಲ್ಲೇ ಇರುತ್ತದೆ.

ಇಂಟಿಗ್ರೇಷನ್ ಟೆಸ್ಟ್: ಎರಡು ಸರಿಗಳು ಸೇರಿ ಒಂದು ತಪ್ಪು

1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳದ ಹತ್ತಿರ ಕಳೆದುಹೋಯಿತು. ಲಾಕ್‌ಹೀಡ್ ಮಾರ್ಟಿನ್ ಕೊಟ್ಟಿದ್ದ ನೆಲದ ಮೇಲಿನ ಸಾಫ್ಟ್‌ವೇರ್ ಥ್ರಸ್ಟರ್‌ಗಳ ಲೆಕ್ಕವನ್ನು ಪೌಂಡ್-ಸೆಕೆಂಡಿನಲ್ಲಿ ಕೊಡುತ್ತಿತ್ತು. ಅದನ್ನು ಓದುತ್ತಿದ್ದ ಕಡೆಯವರು ನ್ಯೂಟನ್-ಸೆಕೆಂಡ್ ಅಂದುಕೊಂಡಿದ್ದರು. ವ್ಯತ್ಯಾಸ ಸುಮಾರು 4.45 ಪಟ್ಟು. ಎರಡು ಕಡೆಯ ಸಾಫ್ಟ್‌ವೇರನ್ನೂ ಬೇರೆ ಬೇರೆಯಾಗಿ ನೋಡಿದರೆ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪು ಇದ್ದದ್ದು ಇದರಿಂದ ಅದಕ್ಕೆ ಹೋಗುವ ಫೈಲಿನಲ್ಲಿ.

ಇಂಟಿಗ್ರೇಷನ್ ಟೆಸ್ಟ್ ನೋಡುವುದು ಇಂಥ ಜೋಡಣೆಗಳನ್ನೇ. ನಮ್ಮ ಡೇರಿಯಲ್ಲಿ ಎಷ್ಟು ಜೋಡಣೆ ಇವೆ ನೋಡಿ: ಹಾಲು ಪರೀಕ್ಷೆಯ ಮಷೀನ್‌ನಿಂದ ಕಂಪ್ಯೂಟರಿಗೆ, ತೂಕದ ಮಷೀನ್‌ನಿಂದ ಕಂಪ್ಯೂಟರಿಗೆ, ಅಲ್ಲಿಂದ ಡೇಟಾಬೇಸಿಗೆ, ಪ್ರಿಂಟರಿಗೆ, ಎಸ್‌ಎಂಎಸ್ ಸೇವೆಗೆ, ಹಾಲು ಒಕ್ಕೂಟದ ಸರ್ವರಿಗೆ. ಲೆಕ್ಕ ಇರುವುದು ಒಂದೇ ಕಡೆ, ಜೋಡಣೆ ಆರು ಕಡೆ. ಇಂಥ ಸಾಫ್ಟ್‌ವೇರ್‌ಗೆ ಬರೀ ಯೂನಿಟ್ ಟೆಸ್ಟ್ ಬರೆದು ‘ಆಯಿತು’ ಅಂದರೆ ಹೇಗೆ?

ಮೊದಲನೆಯದನ್ನೇ ತೆಗೆದುಕೊಳ್ಳಿ. ಹಾಲು ಪರೀಕ್ಷೆಯ ಮಷೀನ್ ಸೀರಿಯಲ್ ಪೋರ್ಟ್ ಮೂಲಕ ಒಂದು ಸಾಲು ಅಕ್ಷರ ಕಳಿಸುತ್ತದೆ. ಆ ಸಾಲಿನ ಸ್ವರೂಪ ಕಂಪನಿಗೊಂದು ಥರ. ಸಾಲು ಯಾವಾಗಲೂ ಒಂದೇ ಸಲ ಪೂರ್ತಿ ಬರುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ. ಅರ್ಧ ಈಗ, ಉಳಿದರ್ಧ ಇನ್ನೊಂದು ಕ್ಷಣಕ್ಕೆ ಬರಬಹುದು. ಮಷೀನನ್ನು ಮಾಕ್ ಮಾಡಿ, ಅಂದರೆ ಅದರ ಜಾಗದಲ್ಲಿ ನಕಲಿ ಇಟ್ಟು, ‘ಫ್ಯಾಟ್ 4.1’ ಅಂತ ನೀಟಾಗಿ ಕೊಡುವ ಯೂನಿಟ್ ಟೆಸ್ಟ್‌ಗೆ ಈ ಕಷ್ಟವೇ ಗೊತ್ತಿರುವುದಿಲ್ಲ. ನಾನಾದರೆ ನಿಜವಾದ ಮಷೀನ್‌ನಿಂದ ಒಂದು ಬೆಳಗಿನ ಬೈಟ್‌ಗಳನ್ನು ಹಾಗೇ ಫೈಲಿಗೆ ಇಳಿಸಿಕೊಂಡು, ಟೆಸ್ಟಿನಲ್ಲಿ ಅದನ್ನು ಬೇಕೆಂದೇ ಅಲ್ಲಲ್ಲಿ ತುಂಡು ಮಾಡಿ ಓದಿಸುತ್ತೇನೆ.

ಡೇಟಾಬೇಸ್ ಕಡೆ ಇನ್ನೊಂದು ಬಲೆ ಇದೆ. ಟೆಸ್ಟ್ ಬೇಗ ಓಡಲಿ ಅಂತ ಎಸ್‌ಕ್ಯೂಲೈಟ್ ಅನ್ನುವ ಹಗುರ ಡೇಟಾಬೇಸ್ ಇಟ್ಟು, ನಿಜವಾದ ಕೆಲಸಕ್ಕೆ ಪೋಸ್ಟ್‌ಗ್ರೆಸ್ ಅನ್ನುವ ದೊಡ್ಡ ಡೇಟಾಬೇಸ್ ಇಡುವ ಅಭ್ಯಾಸ ತುಂಬಾ ಕಡೆ ಇದೆ. ಹೆಸರಿನ ಕಾಲಂ 10 ಅಕ್ಷರ ಅಂತ ಬರೆದಿದ್ದರೂ ಎಸ್‌ಕ್ಯೂಲೈಟ್ ಆ ಮಿತಿಯನ್ನು ತಲೆಗೆ ಹಾಕಿಕೊಳ್ಳುವುದಿಲ್ಲ, ಎಷ್ಟು ಉದ್ದ ಕೊಟ್ಟರೂ ತೆಗೆದುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಎರರ್ ಕೊಡುತ್ತದೆ. ಕನ್ನಡದಲ್ಲಂತೂ ಎಣಿಕೆ ಬೇಗ ಏರುತ್ತದೆ. ‘ಕರ್ನಾಟಕ’ ಓದುವವರಿಗೆ ನಾಲ್ಕು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 7, ಯುಟಿಎಫ್-8 ಬೈಟ್ ಲೆಕ್ಕದಲ್ಲಿ 21. ಟೆಸ್ಟ್ ಎಲ್ಲ ಹಸಿರು, ಡೇರಿಯಲ್ಲಿ ಮೊದಲ ದಿನವೇ ಉದ್ದ ಹೆಸರಿನವರ ಎಂಟ್ರಿ ಬೀಳುವುದಿಲ್ಲ. ಟೆಸ್ಟ್‌ಕಂಟೇನರ್ಸ್ ಥರದ ಲೈಬ್ರರಿ ಬಳಸಿದರೆ ಟೆಸ್ಟ್ ಓಡುವಾಗ ಡಾಕರ್ ಅನ್ನುವ ಪ್ರತ್ಯೇಕ ಡಬ್ಬಿಯೊಳಗೆ ನಿಜವಾದ ಪೋಸ್ಟ್‌ಗ್ರೆಸ್ಸೇ ಎದ್ದು, ಮುಗಿದ ಮೇಲೆ ಮಾಯವಾಗುತ್ತದೆ. ಶುರುವಾಗಲು ಕೆಲವು ಸೆಕೆಂಡ್ ಜಾಸ್ತಿ, ಅಷ್ಟೇ. ಆ ಸೆಕೆಂಡ್‌ಗಳನ್ನು ಉಳಿಸಲು ಹೋಗಬೇಡಿ.

ಒಕ್ಕೂಟದ ಸರ್ವರ್ ನಿಮ್ಮ ಕೈಯಲ್ಲಿ ಇರುವುದಿಲ್ಲ. ಪ್ರತಿ ಸಲ ಅದನ್ನು ಮುಟ್ಟಿ ಟೆಸ್ಟ್ ಮಾಡಲು ಆಗುವುದೂ ಇಲ್ಲ. ಅಲ್ಲಿ ಕಾಂಟ್ರಾಕ್ಟ್ ಟೆಸ್ಟ್ ಅನ್ನುವ ನಡುದಾರಿ ಇದೆ. ನಾವು ಏನು ಕಳಿಸುತ್ತೇವೆ, ಏನು ನಿರೀಕ್ಷಿಸುತ್ತೇವೆ ಅನ್ನುವುದನ್ನು ಒಂದು ಫೈಲಿನಲ್ಲಿ ಬರೆದು, ಎರಡೂ ಕಡೆಯವರು ತಮ್ಮ ತಮ್ಮ ಕಡೆ ಅದರ ಎದುರು ಪರೀಕ್ಷಿಸುವುದು. ಪ್ಯಾಕ್ಟ್ ಇದಕ್ಕೆ ಹೆಸರಾದ ಟೂಲ್. ಆದರೆ ಆ ಕಡೆಯವರೂ ಒಪ್ಪಿ ಓಡಿಸಬೇಕು. ಒಪ್ಪದಿದ್ದರೆ ಅದು ನೀವೊಬ್ಬರೇ ಸಹಿ ಹಾಕಿದ ಕರಾರು ಅಷ್ಟೇ.

ಮಾಕ್ ಬಗ್ಗೆ ಒಂದು ಮಾತು. 1996ರ ಜೂನ್ 4ರಂದು ಏರಿಯೇನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಮೇಲೆದ್ದು ಒಂದು ನಿಮಿಷವೂ ಆಗುವ ಮೊದಲು ಒಡೆದು ಚೂರಾಯಿತು. ರಾಕೆಟ್ಟಿನ ದಿಕ್ಕು, ವೇಗ ಹೇಳುವ ಉಪಕರಣದ ಸಾಫ್ಟ್‌ವೇರ್ ಏರಿಯೇನ್ 4ರಿಂದ ಬಂದದ್ದು. ಅದರಲ್ಲಿ 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವ ಸಾಲೊಂದಿತ್ತು. ಏರಿಯೇನ್ 4ರ ಹಾದಿಯಲ್ಲಿ ಆ ಸಂಖ್ಯೆ ಯಾವತ್ತೂ 16 ಬಿಟ್ ಮೀರಿರಲಿಲ್ಲ. ಹೊಸ ರಾಕೆಟ್ಟಿನ ಹಾದಿಯೇ ಬೇರೆ, ಇಲ್ಲಿ ಮೀರಿತು. ಜೊತೆಗಿದ್ದ ಬ್ಯಾಕಪ್ ಉಪಕರಣದಲ್ಲೂ ಅದೇ ಸಾಫ್ಟ್‌ವೇರ್, ಅದೂ ಅದೇ ಥರ ಕೈಕೊಟ್ಟಿತು. ಇಷ್ಟಾದರೂ ಪೂರ್ತಿ ಸಿಸ್ಟಮ್ ಟೆಸ್ಟ್ ಮಾಡಿರಲಿಲ್ಲವಾ? ಮಾಡಿದ್ದರು. ಆದರೆ ಆ ಟೆಸ್ಟ್‌ನಲ್ಲಿ ಈ ಉಪಕರಣದ ಜಾಗದಲ್ಲಿ ಸಿಮ್ಯುಲೇಷನ್ ಕೂರಿಸಿದ್ದರು. ನಿಜವಾದದ್ದು ಹೇಗಿದ್ದರೂ ಏರಿಯೇನ್ 4ರಲ್ಲಿ ಪಾಸಾಗಿದೆಯಲ್ಲ ಅನ್ನುವ ನಂಬಿಕೆ.

ಹಾಗಾಗಿ ಒಂದು ಟೆಸ್ಟಿನ ಹಂತ ಯಾವುದು ಅಂತ ತಿಳಿಯಲು ಫೋಲ್ಡರಿನ ಹೆಸರು ನೋಡಬೇಡಿ. ಅದರೊಳಗೆ ಯಾವುದು ನಿಜ, ಯಾವುದು ನಕಲಿ ಅಂತ ನೋಡಿ. ‘ಇಂಟಿಗ್ರೇಷನ್’ ಅನ್ನುವ ಫೋಲ್ಡರಿನಲ್ಲಿ ಎಲ್ಲವನ್ನೂ ಮಾಕ್ ಮಾಡಿದ ಟೆಸ್ಟ್‌ಗಳು ತುಂಬಿರುವುದು ಹೊಸದೇನಲ್ಲ.

ಸಿಸ್ಟಮ್ ಟೆಸ್ಟ್: ಕೆಲವೇ ಇರಲಿ

ಇಲ್ಲಿ ಇಡೀ ಸಾಫ್ಟ್‌ವೇರನ್ನು ಹೊರಗಿನಿಂದ, ಬಳಸುವವರ ಹಾಗೆ ಓಡಿಸಿ ನೋಡುತ್ತೇವೆ. ವೆಬ್ ಆದರೆ ಬ್ರೌಸರನ್ನು ತಾವೇ ಓಡಿಸುವ ಸೆಲೆನಿಯಮ್, ಸೈಪ್ರೆಸ್, ಪ್ಲೇರೈಟ್ ಥರದ ಟೂಲ್‌ಗಳು ಬರುವುದು ಇಲ್ಲೇ. ಎಂಡ್ ಟು ಎಂಡ್ ಅಂತ ಕರೆಯುವುದೂ ಬಹುಪಾಲು ಇದನ್ನೇ.

ನೋಡಲು ಬಹಳ ಆಕರ್ಷಕ. ಬ್ರೌಸರ್ ತಾನೇ ತೆರೆದುಕೊಂಡು, ತಾನೇ ಟೈಪ್ ಮಾಡಿ, ಚೀಟಿ ಬರುವವರೆಗೂ ಹೋಗುವುದನ್ನು ಡೆಮೋದಲ್ಲಿ ತೋರಿಸಿದರೆ ಎಲ್ಲರಿಗೂ ಖುಷಿ. ಅದಕ್ಕೇ ಹೊಸ ತಂಡಗಳು ಇಲ್ಲಿಂದಲೇ ಶುರು ಮಾಡಿ, ಇಲ್ಲೇ ನೂರಾರು ಟೆಸ್ಟ್ ಗುಡ್ಡೆ ಹಾಕುತ್ತವೆ. ಆಮೇಲೆ ಶುರುವಾಗುತ್ತದೆ ಗೋಳು. ಒಂದು ಬಟನ್ನಿನ ಹೆಸರು ‘ಉಳಿಸಿ’ ಇದ್ದದ್ದು ‘ಸೇವ್’ ಆದರೆ ಇಪ್ಪತ್ತು ಟೆಸ್ಟ್ ಬೀಳುತ್ತವೆ. ನೆಟ್‌ವರ್ಕ್ ನಿಧಾನವಾದರೆ ಬೀಳುತ್ತವೆ, ಮತ್ತೆ ಓಡಿಸಿದರೆ ಪಾಸ್ ಆಗುತ್ತವೆ. ಇಂಥ ಫ್ಲೇಕಿ ಟೆಸ್ಟ್ ನಾಲ್ಕು ಇದ್ದರೆ ಸಾಕು, ‘ಅದು ಹಾಗೇನೇ, ರೀ-ರನ್ ಕೊಡು’ ಅನ್ನುವುದು ತಂಡಕ್ಕೆ ಅಭ್ಯಾಸವಾಗಿಬಿಡುತ್ತದೆ. ನಿಜವಾದ ಬಗ್ ಬಂದ ದಿನವೂ ರೀ-ರನ್ನೇ ಕೊಡುತ್ತಾರೆ.

ಡೇರಿಗೆ ನಾನು ಇಡುವ ಸಿಸ್ಟಮ್ ಟೆಸ್ಟ್‌ಗಳು ಬೆರಳೆಣಿಕೆಯವು. ಹಾಲು ಹಾಕಿದಾಗಿನಿಂದ ಚೀಟಿ ಬರುವವರೆಗೆ ಒಂದು. ಬಟವಾಡೆ ಲೆಕ್ಕ ತೆಗೆಯುವುದು ಒಂದು. ತಪ್ಪು ಎಂಟ್ರಿ ತಿದ್ದುವುದು ಒಂದು. ಇಂಟರ್‌ನೆಟ್ ಹೋದಾಗ ಎಂಟ್ರಿಗಳು ಒಳಗೇ ಉಳಿದು, ಬಂದ ಮೇಲೆ ಒಂದೊಂದು ಸಲ ಮಾತ್ರ ಹೋಗುತ್ತವಾ ಅಂತ ಒಂದು. ಕರೆಂಟ್ ಹೋಗಿ ಕಂಪ್ಯೂಟರ್ ಮತ್ತೆ ಎದ್ದಾಗ ಕೊನೆಯ ಎಂಟ್ರಿ ಇದೆಯಾ ಅಂತ ಇನ್ನೊಂದು. ಕೊನೆಯ ಎರಡು ಈ ಹಂತಕ್ಕೇ ಸೇರಿದವು. ಇಡೀ ವ್ಯವಸ್ಥೆ ಒಟ್ಟಿಗೆ ಇಲ್ಲದೆ ಅವನ್ನು ನೋಡಲು ಆಗುವುದಿಲ್ಲ. ಲೋಡ್, ಭದ್ರತೆ, ವೇಗದ ಪರೀಕ್ಷೆಗಳೂ ಹೆಚ್ಚಾಗಿ ಇಲ್ಲೇ ಬರುತ್ತವೆ.

ಫ್ಯಾಟ್ 4.35ರ ಲೆಕ್ಕವನ್ನು ಬ್ರೌಸರ್ ತೆರೆದು ಪರೀಕ್ಷಿಸುವವರನ್ನು ಕಂಡರೆ ಮಾತ್ರ ತಡೆಯಿರಿ.

ಅಕ್ಸೆಪ್ಟೆನ್ಸ್ ಟೆಸ್ಟ್: ನಿಮ್ಮ ತಂಡ ಮಾಡುವುದಲ್ಲ

ಮೊದಲ ಮೂರು ಹಂತಗಳು ಕೇಳುವುದು, ಹೇಳಿದ್ದನ್ನು ಸರಿಯಾಗಿ ಕಟ್ಟಿದ್ದೇವಾ ಅಂತ. ಇದು ಕೇಳುವುದು, ಬೇಕಾದದ್ದನ್ನು ಕಟ್ಟಿದ್ದೇವಾ ಅಂತ. ಉತ್ತರ ಹೇಳಬೇಕಾದವರು ಡೇರಿಯ ಕಾರ್ಯದರ್ಶಿ. ಯುಎಟಿ (ಯೂಸರ್ ಅಕ್ಸೆಪ್ಟೆನ್ಸ್ ಟೆಸ್ಟ್) ಅಂತ ಹೆಸರಿಟ್ಟು, ಕಂಪನಿಯ ಟೆಸ್ಟರ್‌ಗಳೇ ಹಳೆಯ ಸಿಸ್ಟಮ್ ಟೆಸ್ಟ್‌ಗಳನ್ನು ಇನ್ನೊಂದು ಸಲ ಓಡಿಸಿ ಸಹಿ ಹಾಕಿಸಿಕೊಳ್ಳುವುದನ್ನು ನೋಡಿದ್ದೇನೆ. ಅದರಿಂದ ಹೊಸದಾಗಿ ಗೊತ್ತಾಗುವುದು ಏನೂ ಇಲ್ಲ.

ಕಾರ್ಯದರ್ಶಿ ನೋಡುವುದೇ ಬೇರೆ. ಸಾಲು ಹನುಮಂತನ ಬಾಲದ ಹಾಗೆ ಇರುವಾಗ ಒಂದು ಎಂಟ್ರಿಗೆ ಎಷ್ಟು ಸಲ ಮೌಸ್ ಮುಟ್ಟಬೇಕು? ರೈತರನ್ನು ಅವರು ನಂಬರಿನಿಂದ ಕರೆಯುತ್ತಾರಾ, ಹೆಸರಿನಿಂದಲಾ? ಚೀಟಿಯಲ್ಲಿ ಕನ್ನಡ ಬರುತ್ತಾ? ಸಣ್ಣ ಥರ್ಮಲ್ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಫಾಂಟ್ ಇರುವುದಿಲ್ಲ, ಅಕ್ಷರಗಳನ್ನು ಚಿತ್ರ ಮಾಡಿ ಕಳಿಸಬೇಕಾಗುತ್ತದೆ. ಆಗ ಪ್ರಿಂಟ್ ನಿಧಾನವಾಗಬಹುದು. ನಿಧಾನ ಅಂದರೆ ಎಷ್ಟು, ಆ ಸಾಲಿಗೆ ಅದು ಸರಿಹೋಗುತ್ತಾ ಅನ್ನುವುದು ನಿಮ್ಮ ಆಫೀಸಿನ ಎಸಿ ರೂಮಿನಲ್ಲಿ ಗೊತ್ತಾಗುವುದಿಲ್ಲ. ಎಸ್‌ಎಂಎಸ್ ಕೂಡ ಹಾಗೇ. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಸಿಕ್ಕರೆ ಕನ್ನಡದಲ್ಲಿ 70, ಅದರಲ್ಲೂ ಕಾಗುಣಿತ, ಒತ್ತಕ್ಷರ ಎಲ್ಲ ಬೇರೆ ಬೇರೆ ಎಣಿಕೆ. ಒಂದು ಮೆಸೇಜ್ ಎರಡಾಗಿ ಬಿಲ್ ಡಬಲ್ ಆಗುತ್ತದೆ. ಆ ಹಣ ಕೊಡಬೇಕಾ, ಮೆಸೇಜ್ ಚಿಕ್ಕದು ಮಾಡಬೇಕಾ ಅಂತ ನಿರ್ಧರಿಸುವವರು ಡೆವಲಪರ್ ಅಲ್ಲ.

ಇದಕ್ಕೆ ಒಳ್ಳೆಯ ದಾರಿ ಹಳೆಯದೇ. ಒಂದು ಪೂರ್ತಿ ಬಟವಾಡೆ ಅವಧಿ ಪುಸ್ತಕದಲ್ಲೂ ಬರೆಯುವುದು, ಸಾಫ್ಟ್‌ವೇರ್‌ನಲ್ಲೂ ಹಾಕುವುದು. ಕೊನೆಗೆ ರೈತರೊಬ್ಬೊಬ್ಬರ ಮೊತ್ತ ಹೊಂದಿಸಿ ನೋಡುವುದು. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಯಾರದು ಸರಿ ಅಂತ ಕೂತು ನೋಡಬೇಕು. ಕೆಲವು ಸಲ ಪುಸ್ತಕದ್ದೇ ತಪ್ಪಿರುತ್ತದೆ, ಅದನ್ನು ಸ್ವಲ್ಪ ನಾಜೂಕಾಗಿ ಹೇಳಬೇಕು.

ಪಿರಮಿಡ್ಡಾ, ಟ್ರೋಫಿಯಾ?

ಕೆಳಗೆ ತುಂಬಾ ಯೂನಿಟ್, ನಡುವೆ ಸ್ವಲ್ಪ ಕಡಿಮೆ, ಮೇಲೆ ಬೆರಳೆಣಿಕೆಯ ಯುಐ (ಸ್ಕ್ರೀನ್ ಮೂಲಕ ಮಾಡುವ) ಟೆಸ್ಟ್ ಅನ್ನುವ ಪಿರಮಿಡ್ ಚಿತ್ರವನ್ನು ಮೈಕ್ ಕೋನ್ 2009ರ ತಮ್ಮ ಪುಸ್ತಕದಲ್ಲಿ ಕೊಟ್ಟ ಮೇಲೆ ಅದು ಎಲ್ಲೆಡೆ ಹಬ್ಬಿತು. 2015ರಲ್ಲಿ ಗೂಗಲ್‌ನ ಟೆಸ್ಟಿಂಗ್ ತಂಡ ಯೂನಿಟ್‌ಗೆ 70, ಇಂಟಿಗ್ರೇಷನ್‌ಗೆ 20, ಎಂಡ್ ಟು ಎಂಡ್‌ಗೆ 10 ಪರ್ಸೆಂಟ್ ಅನ್ನುವ ಪಾಲನ್ನು ಹೇಳಿತು, ಅದೂ ಮೊದಲ ಅಂದಾಜಿಗೆ ಅಂತ ಮಾತ್ರ. ಕೆಂಟ್ ಸಿ. ಡಾಡ್ಸ್ ಇಂಟಿಗ್ರೇಷನ್ನೇ ದಪ್ಪಗಿರುವ ಟ್ರೋಫಿಯ ಚಿತ್ರ ಬಿಡಿಸಿದರು. ಇವುಗಳಲ್ಲಿ ಯಾವುದು ಸರಿ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ, ಮುಗಿಯುವುದೂ ಇಲ್ಲ. ಅವರವರು ಕಟ್ಟುತ್ತಿದ್ದ ಸಾಫ್ಟ್‌ವೇರ್ ಬೇರೆ ಬೇರೆ ಅಲ್ವಾ?

ನೀವು ಬಡ್ಡಿ, ತೆರಿಗೆ, ಸಂಬಳದ ಲೆಕ್ಕ ಮಾಡುವ ಲೈಬ್ರರಿ ಬರೆಯುತ್ತಿದ್ದರೆ ಪಿರಮಿಡ್ ಹಿಡಿಯಿರಿ, ಕಣ್ಣು ಮುಚ್ಚಿಕೊಂಡು ಯೂನಿಟ್‌ಗೆ ಹಾಕಿ. ಫಾರ್ಮ್‌ನಿಂದ ಡೇಟಾಬೇಸಿಗೆ, ಡೇಟಾಬೇಸ್‌ನಿಂದ ಸ್ಕ್ರೀನಿಗೆ ಸಾಗಿಸುವುದೇ ಮುಖ್ಯ ಕೆಲಸವಾದರೆ, ಅಥವಾ ನಮ್ಮ ಡೇರಿಯ ಹಾಗೆ ಮಷೀನ್‌ಗಳ ಜೊತೆ ಮಾತಾಡುವುದಿದ್ದರೆ, ಟ್ರೋಫಿ ಹತ್ತಿರ. ಒಂದಕ್ಕೊಂದು ಮಾತಾಡುವ ಸಣ್ಣ ಸಣ್ಣ ಸೇವೆಗಳ, ಅಂದರೆ ಮೈಕ್ರೋಸರ್ವಿಸ್‌ಗಳ ನಡುವೆ ಇದ್ದರೆ ಕಾಂಟ್ರಾಕ್ಟ್ ಟೆಸ್ಟ್ ಬಿಟ್ಟು ಬದುಕಿಲ್ಲ. ಹಳೆಯ ಕೋಡ್, ಟೆಸ್ಟ್ ಸೊನ್ನೆ, ಒಳಗೆ ಕೈಹಾಕಲು ಭಯ ಅನ್ನುವ ಸ್ಥಿತಿಯಲ್ಲಿದ್ದರೆ ಮಾತ್ರ ಮೇಲಿನಿಂದ ಶುರು ಮಾಡುವುದು ಸರಿ. ನಾಲ್ಕೈದು ಸಿಸ್ಟಮ್ ಟೆಸ್ಟ್ ಬಲೆಯ ಹಾಗೆ ಕೆಳಗೆ ಹಾಸಿಕೊಂಡು, ಆಮೇಲೆ ಕೋಡ್ ಬಿಡಿಸುತ್ತಾ ಯೂನಿಟ್ ಸೇರಿಸಿ.

ಮೊದಲು ಹೇಳಿದ ಎರಡು ವಾರದಲ್ಲಿ, ಡೇರಿಯಂಥ ಸಾಫ್ಟ್‌ವೇರ್‌ಗೆ, ನಾನು ಹಂಚುವುದು ಹೀಗೆ: ಮೊದಲ ಎರಡು ದಿನ ದರದ ಲೆಕ್ಕದ ಯೂನಿಟ್ ಟೆಸ್ಟ್. ಮುಂದಿನ ನಾಲ್ಕೈದು ದಿನ ಮಷೀನ್ ಮತ್ತು ಡೇಟಾಬೇಸ್ ಇಂಟಿಗ್ರೇಷನ್. ಒಂದೆರಡು ದಿನ ಆ ಬೆರಳೆಣಿಕೆಯ ಸಿಸ್ಟಮ್ ಟೆಸ್ಟ್. ಕಾರ್ಯದರ್ಶಿಯನ್ನು ಕೊನೆಯ ದಿನಕ್ಕೆ ಕರೆಯುವುದು ಬೇಡ, ಮೊದಲ ವಾರವೇ ಒಂದು ಬೆಳಿಗ್ಗೆ ಡೇರಿಯಲ್ಲಿ ಅವರ ಪಕ್ಕ ನಿಲ್ಲಿ. ಪುಸ್ತಕದ ಜೊತೆ ಹೊಂದಿಸುವ ಪೂರ್ತಿ ಅವಧಿ ಎರಡು ವಾರದೊಳಗೆ ಹಿಡಿಸುವುದಿಲ್ಲ. ಅದಕ್ಕಾಗಿ ರಿಲೀಸನ್ನು ಒಂದೇ ಡೇರಿಗೆ ಸೀಮಿತ ಮಾಡಿ, ಉಳಿದವರಿಗೆ ಆಮೇಲೆ ಕೊಡಿ.

ಇನ್ನೊಂದು ಅಪಾಯ ಈ ನಾಲ್ಕು ಹಂತಗಳ ಯಾವುದರ ಒಳಗೂ ಬರುವುದಿಲ್ಲ. 2012ರ ಆಗಸ್ಟ್ 1ರಂದು ಷೇರು ವ್ಯಾಪಾರ ಮಾಡುತ್ತಿದ್ದ ಅಮೆರಿಕದ ನೈಟ್ ಕ್ಯಾಪಿಟಲ್ ಕಂಪನಿ ಸುಮಾರು 45 ನಿಮಿಷದಲ್ಲಿ 40 ಕೋಟಿ ಡಾಲರಿಗೂ ಜಾಸ್ತಿ ಕಳೆದುಕೊಂಡಿತು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹಾಕಿರಲಿಲ್ಲ. ಅದರಲ್ಲಿ ಉಳಿದಿದ್ದ ಹಳೆಯ ಕೋಡ್ ಎದ್ದು ಕೂತು ಒಂದೇ ಸಮನೆ ಆರ್ಡರ್ ಹಾಕಿತು. ಹೊಸ ಕೋಡನ್ನು ಎಷ್ಟೇ ಟೆಸ್ಟ್ ಮಾಡಿದ್ದರೂ ಈ ತಪ್ಪು ಅದರಲ್ಲಿ ಕಾಣುತ್ತಿರಲಿಲ್ಲ. ಡೇರಿಗಳು ಜಾಸ್ತಿಯಾದಂತೆ ನಿಮಗೂ ಇದೇ ಆಗಬಹುದು: ಒಂದು ಊರಿನ ಕಂಪ್ಯೂಟರಿನಲ್ಲಿ ಹಳೆಯ ದರಪಟ್ಟಿಯೇ ಓಡುತ್ತಿರುತ್ತದೆ. ಹಾಗಾಗಿ ಅಪ್‌ಡೇಟ್ ಆದ ಕೂಡಲೇ ಪ್ರತಿ ಕಂಪ್ಯೂಟರೂ ತನ್ನ ವರ್ಷನ್ ನಂಬರ್, ದರಪಟ್ಟಿಯ ತಾರೀಕು ಎರಡನ್ನೂ ಸರ್ವರಿಗೆ ಹೇಳುವ ಸಣ್ಣ ಸ್ಮೋಕ್ ಟೆಸ್ಟ್ ಇಡಿ. ಎರಡರಲ್ಲಿ ಒಂದು ಹೊಂದದಿದ್ದರೂ ಆ ಡೇರಿಗೆ ಬೆಳಗಿನ ಹಾಲು ಬರುವ ಮೊದಲೇ ಫೋನ್ ಹೋಗಬೇಕು.